ಏಳು ನಲವತ್ತರ ದಾಣಿ

ಇವತ್ತು ಐದಕ್ಕೆ ಎದ್ದೆ. ನಳಕ್ಕೆ ನೀರು ಬಿಡುವ ದಿನ. ಎರಡು ಬ್ಯಾರಲ್, ನಾಲ್ಕು ಕೊಡ ತುಂಬಿಸಿದೆ. ನಮಾಜು ಮುಗಿಸಿ ಹನ್ನೊಂದು ರೊಟ್ಟಿ ಬಡಿದೆ. ಪುಂಡಿಸೊಪ್ಪು ಸೋಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ರಾತ್ರಿಗೆಂದು ಇಟ್ಟೆ. ಮನೆಯವರ ಹೊಲಿಗೆ ಮಷಿನ್ನಿಗೆ ಎಣ್ಣೆ ಬಿಟ್ಟೆ. ಅವರಾಗಿ ಬಿಡುವುದಿಲ್ಲ, ಅದು ಕಿರುಗುಟ್ಟಿದರೆ ಮಾತ್ರ ನನ್ನ ಕಡೆ ನೋಡುತ್ತಾರೆ. ಬುರ್ಖಾದ ಗುಂಡಿಯೊಂದು ಸಡಿಲಾಗಿತ್ತು, ಬಿಗಿ ಮಾಡಿದೆ. ಕಪಾಟಿನ ಮೇಲಿನ ಟ್ರಂಕು ಇಳಿಸಿ, ಒಂಬತ್ತು ವರ್ಷದ ಹಿಂದಿನ ಡೈರಿ ಹುಡುಕಿ, ಧೂಳು ಒರೆಸಿ ಚೀಲದಲ್ಲಿ ಇಟ್ಟೆ. ಮಸ್ಕಿ ಬಸ್ ಸ್ಟ್ಯಾಂಡಿನಲ್ಲಿ ಎಂಟು ಐವತ್ತರ ಬಸ್ಸು ಹಿಡಿದು ಸಿಂಧನೂರಿಗೆ ಹೋದೆ. ಕಾಲೇಜಿನ ಲ್ಯಾಬ್ ಗುಡಿಸಿದೆ. ಹತ್ತಕ್ಕೆ ಎರಡೂ ತೊಟ್ಟಿಯ ಮೀನಿಗೆ ದಾಣಿ ಹಾಕಿದೆ. ಹನ್ನೊಂದಕ್ಕೆ, ನಮ್ಮ ಪ್ರಾಣಿಶಾಸ್ತ್ರ ವಿಭಾಗದ ಹಳೆಯ ಪ್ರೊಫೆಸರರ ಶೋಕಸಭೆಯಲ್ಲಿ ಅವರ ಫೋಟೋಕ್ಕೆ ಹಾರ ಹಾಕಿದೆ.

ಹಾರ ಹಾಕುವಾಗ ಕಣ್ಣಿಗೆ ನೀರು ಬರಲಿಲ್ಲ. ಬರುತ್ತದೆಂದು ನಾನೂ ಅಂದುಕೊಂಡಿರಲಿಲ್ಲ. ಹದಿಮೂರು ವರ್ಷ ಅವರ ಕೈಕೆಳಗೆ ಲ್ಯಾಬ್ ಅಟೆಂಡರ್ ಆಗಿದ್ದೆ. ಆ ಹದಿಮೂರು ವರ್ಷದಲ್ಲಿ ಅವರು ನನ್ನ ಹೆಸರು ಹಿಡಿದು ಒಮ್ಮೆಯೂ ಕರೆಯಲಿಲ್ಲ. ‘ಏ ಅಟೆಂಡರ್’ ಅನ್ನುತ್ತಿದ್ದರು. ಮನಸ್ಸು ಚೆನ್ನಾಗಿದ್ದ ದಿನ ಬರೀ ‘ಏ’.

ಫೋಟೋದ ಮುಂದೆ, ಊದಿನಕಡ್ಡಿಯ ಪಕ್ಕದಲ್ಲಿ, ಒಂದು ಉದ್ದನೆಯ ಹಸಿರು ರಟ್ಟಿನ ವಹಿ ಇಟ್ಟಿದ್ದರು. ಅದು ಅವರ ಹೆಸರಾಂತ ಮೀನಿನ ವಹಿ. ಒಳಗಿನ ಅಕ್ಷರ ನನ್ನವು. ಒಳಗಿನ ಸುಳ್ಳೂ ನನ್ನದೇ. ಇದು ಇಷ್ಟು ದಿನ ಇಬ್ಬರಿಗೆ ಗೊತ್ತಿತ್ತು, ಅವರಿಗೆ ಮತ್ತು ನನಗೆ. ಈಗ ಅವರಿಲ್ಲ. ಬರುವ ಸೋಮವಾರ ನಮ್ಮ ಹೊಸ ಮೇಡಂ ಆ ವಹಿಯನ್ನೇ ನಂಬಿ, ಮೀನಿನ ರೆಕ್ಕೆಯ ಚೂರುಗಳನ್ನು ದೂರದ ದೊಡ್ಡ ಪ್ರಯೋಗಾಲಯಕ್ಕೆ ಕಳಿಸುವವರಿದ್ದಾರೆ. ಅವರ ಮುಂದಿನ ಮೂರು ವರ್ಷದ ಸಂಶೋಧನೆ ಅದರ ಮೇಲೆ ನಿಲ್ಲಬೇಕು. ಡೈರಿ ಚೀಲಕ್ಕೆ ಬಂದದ್ದು ಅದಕ್ಕೇ.

ಅವರು ತೆಳ್ಳಗೆ, ಎತ್ತರಕ್ಕೆ ಇದ್ದರು. ಜೇಬಿನಲ್ಲಿ ಎರಡು ಪೆನ್ನು, ಒಂದು ಬರೆಯಲಿಕ್ಕೆ, ಒಂದು ಸಹಿಗೆ. ಮಾತಿಗೆ ಮೊದಲು ಮೂಗಿನಿಂದ ಒಮ್ಮೆ ಉಸಿರು ಎಳೆಯುವರು, ಎದುರಿಗಿದ್ದವರು ಹಳಸಿದ್ದಾರೋ ತಾಜಾ ಇದ್ದಾರೋ ನೋಡುವವರ ಹಾಗೆ. ಚಹಾ ಕುಡಿಯುವ ಕಪ್ಪನ್ನು ಗಾಜಿನ ಕಪಾಟಿನಲ್ಲಿ ಬೀಗ ಹಾಕಿ ಇಡುತ್ತಿದ್ದರು. ಅದರ ಆಚೆಗೊಂದು, ಈಚೆಗೊಂದು ಫಾರ್ಮಲಿನ್ ಬಾಟಲಿ; ಒಂದರಲ್ಲಿ ಹಾವು, ಒಂದರಲ್ಲಿ ಕಪ್ಪೆ. ಸತ್ತ ಹಾವಿನ ಪಕ್ಕ ಅವರ ಕಪ್ಪು ಇರಬಹುದಿತ್ತು, ನನ್ನ ಕಪ್ಪಿನ ಪಕ್ಕ ಇರುವಂತಿರಲಿಲ್ಲ.

ಅವರ ಬಾಯಲ್ಲಿ ಒಂದೇ ಒಂದು ಮಾತು ಸದಾ ತಯಾರಿರುತ್ತಿತ್ತು: “ಪುರಾವೆ?” ಹುಡುಗರು ಜ್ವರ ಅಂದರೆ ಪುರಾವೆ. ಬಸ್ಸು ಕೆಟ್ಟಿತ್ತು ಅಂದರೆ ಪುರಾವೆ. ನಮ್ಮ ಅತ್ತೆ ತೀರಿಕೊಂಡ ದಿನ ಫೋನ್ ಮಾಡಿ, “ಸರ್, ಅತ್ತಿ ಹೋಗ್ಯಾರ್ರೀ, ಮೂರು ದಿನ ರಜಾ ಬೇಕಿತ್ತು” ಅಂದೆ.

“ಪುರಾವೆ?”

“ಸರ್, ಇನ್ನಾ ಮಣ್ಣ ಕೊಟ್ಟಿಲ್ರೀ. ಮಯ್ಯತ್ ಮನ್ಯಾಗ ಐತಿ.”

“ಅದು ನೀ ಹೇಳಾಕತ್ತಿ. ಪುರಾವೆ ತಗೊಂಡು ಬಾ.”

ನಾಲ್ಕನೆಯ ದಿನ ಮರಣದ ಚೀಟಿ ಒಯ್ದು ಕೊಟ್ಟೆ. ಹಿಂದೆ ಮುಂದೆ ತಿರುವಿ ನೋಡಿ, ಫೈಲಿಗೆ ಹಾಕಿ, “ಹಾಂ, ಸತ್ತಾರ” ಅಂದರು. ಆ ‘ಹಾಂ’ ಇನ್ನೂ ನನ್ನ ಕಿವಿಯಲ್ಲಿದೆ.

ಇನ್ನು ಮೀನಿನ ವಿಷಯ. ಅವರು ಪಾಠ ಮಾಡುವಾಗ ನಾನು ಹಿಂದಿನ ಬೆಂಚಿನ ಗಾಜುಪಾತ್ರೆ ಒರೆಸುತ್ತ ನಿಂತಿರುತ್ತಿದ್ದೆ. ಹದಿಮೂರು ವರ್ಷ ಅದೇ ಪಾಠ ಕೇಳಿದರೆ ಯಾರಿಗಾದರೂ ಬರುತ್ತದೆ. ಪ್ರತಿ ಜೀವದೊಳಗೂ ಒಂದು ಗಡಿಯಾರ ಇದೆಯಂತೆ. ಕೆಲವು ವಂಶವಾಹಿಗಳು ಸೇರಿ ದಿನಕ್ಕೊಂದು ಸುತ್ತು ಅದನ್ನು ತಿರುಗಿಸುತ್ತವೆ. ನಮ್ಮ ಗಡಿಯಾರಕ್ಕೆ ಬೆಳಕಿನ ಸುದ್ದಿ ಕಣ್ಣಿನ ಮೂಲಕ ಮುಟ್ಟಬೇಕು. ಕೆಲವು ಮೀನಿಗೆ ಹಾಗಿಲ್ಲ. ಅದರ ಹೃದಯ, ಅದರ ರೆಕ್ಕೆ, ಒಂದೊಂದು ಚೂರೂ ತಾನೇ ಬೆಳಕು ತಿಳಿಯುತ್ತದೆ. ಇನ್ನೊಂದು ಮಾತು: ಕೋಟಿಗಟ್ಟಲೆ ವರ್ಷದ ಹಿಂದೆ ಮೀನುಗಳ ಮೂಲ ಹಿರಿಯನಲ್ಲಿ ಎಲ್ಲ ವಂಶವಾಹಿಗಳೂ ಒಮ್ಮೆ ಇಮ್ಮಡಿಯಾದವಂತೆ, ಒಂದು ಇದ್ದಲ್ಲಿ ಎರಡು ಪ್ರತಿ. ಆಮೇಲೆ ಎಷ್ಟೋ ಪ್ರತಿ ಕೆಟ್ಟು ಹೋದವು, ಕೆಲವು ಹೊಸ ಕೆಲಸ ಕಲಿತವು. ಗಡಿಯಾರದ ವಂಶವಾಹಿಗಳಲ್ಲಿ ಇಂಥ ಎರಡನೇ ಪ್ರತಿಗಳು ಇವತ್ತಿಗೂ ಸಾಕಷ್ಟು ಉಳಿದಿವೆ. “ಒಂದು ಕೆಟ್ರೂ ಇನ್ನೊಂದು ಕೆಲಸಾ ಮಾಡತೈತಿ” ಅನ್ನುತ್ತಿದ್ದರು. ಲಕ್ಷಾಂತರ ವರ್ಷ ಗವಿಯ ಕತ್ತಲಲ್ಲಿದ್ದ ಮೀನೊಂದಕ್ಕೆ ಈಗ ಬೆಳಕು ತಿಳಿಯುವುದೇ ಇಲ್ಲ, ಆದರೆ ಕೂಳಿನ ಹೊತ್ತು ತಿಳಿಯುತ್ತದೆ, ಅದನ್ನೂ ಹೇಳುತ್ತಿದ್ದರು.

ಕೂಳಿನ ಹೊತ್ತಿನ ಮಾತು ನನಗೆ ಪಾಠ ಕೇಳುವ ಮೊದಲೇ ಗೊತ್ತಿತ್ತು. ರಮ್ಜಾನಿನಲ್ಲಿ ಮೊದಲ ನಾಲ್ಕು ದಿನ ಹೊಟ್ಟೆ ಹಳೆಯ ಹೊತ್ತಿಗೇ ಕೂಗುತ್ತದೆ. ಆಮೇಲೆ ಹೊಸ ಹೊತ್ತು ಕಲಿತು ಸುಮ್ಮನಾಗುತ್ತದೆ. ಅದಕ್ಕೂ ಅವರದೊಂದು ಕುಟುಕು ಇತ್ತು: “ಏ ಅಟೆಂಡರ್, ನೀ ರೋಜಾ ಇದ್ದೀ ಅಂತ ಮೀನಿಗೂ ರೋಜಾ ಹಿಡಿಸಬ್ಯಾಡ.”

ಲಿಂಗಸುಗೂರು ಅವರ ಊರು. ಅಲ್ಲಿಂದ ಒಂದು ಹರದಾರಿ ಆಚೆ ಒಂದು ಹಳೆಯ ಬಾವಿ, ಮೇಲೆ ಕಲ್ಲುಚಪ್ಪಡಿ ಮುಚ್ಚಿದ್ದು. ಮಧ್ಯಾಹ್ನವೂ ಒಳಗೆ ಕತ್ತಲು. ಅದರಲ್ಲಿ ಬೆರಳುದ್ದದ ಮೀನು, ಯಾವ ತಲೆಮಾರಿನಿಂದ ಇದ್ದವೋ. ಈ ಮೀನಿನ ಗಡಿಯಾರ ಇನ್ನೂ ನಡೆಯುತ್ತಿದೆಯೋ ಇಲ್ಲವೋ? ಇದು ಅವರ ಪ್ರಶ್ನೆ. ಹೋಲಿಸಲಿಕ್ಕೆ ಮುಕ್ಕುಂದದ ಕಾಲುವೆ ಪಕ್ಕದ ಹೊಂಡದಿಂದ ಅದೇ ಜಾತಿಯ ಮೀನು ತಂದೆವು. ಲ್ಯಾಬಿನ ಒಳಕೋಣೆಯ ಕಿಟಕಿಗೆ ಕಪ್ಪು ಬಟ್ಟೆ ಹೊಡೆದು ಎರಡು ತೊಟ್ಟಿ ಇಟ್ಟರು. ಮೀನಿಗೆ ಅಷ್ಟಾಗಿ ಕಾಣದ ಮಂದ ಕೆಂಪು ಬಲ್ಬಿನಲ್ಲಿ ಗಂಟೆಗೊಮ್ಮೆ ಎಷ್ಟು ಮೀನು ಮೇಲಿವೆ, ಎಷ್ಟು ಕೆಳಗಿವೆ ಎಂದು ನಾನು ನೋಡಿ ಬರೆಯಬೇಕು.

ದಾಣಿ ಮಾತ್ರ ದಿನವೂ ಬೇರೆ ಬೇರೆ ಹೊತ್ತಿಗೆ ಹಾಕಬೇಕು. ಒಂದೇ ಹೊತ್ತಿಗೆ ಹಾಕಿದರೆ ಮೀನು ಆ ಹೊತ್ತನ್ನು ಕಲಿತುಬಿಡುತ್ತದೆ. ಆಮೇಲೆ ಅದು ತೋರಿಸುವುದು ತನ್ನೊಳಗೆ ತಾನೇ ನಡೆಯುವ ಗಡಿಯಾರವನ್ನೋ, ನಾವು ದಾಣಿ ಹಾಕಿ ಕಲಿಸಿದ ಹೊತ್ತನ್ನೋ ಹೇಳಲಾಗುವುದಿಲ್ಲ. ಅದಕ್ಕೆ ಒಂದು ಬಿಸ್ಕೀಟ್ ಡಬ್ಬಿಯ ತುಂಬ ಹೊತ್ತು ಬರೆದ ಚೀಟಿ ಮಾಡಿ ಇಟ್ಟಿದ್ದರು. ದಿನಾ ಸಂಜೆ ಮರುದಿನಕ್ಕೆ ಎರಡು ಚೀಟಿ ಎತ್ತಬೇಕು. ಮೊದಲ ದಿನ ಎತ್ತಿದಾಗಲೇ ಬಂತು: ಬೆಳಿಗ್ಗೆ ಆರೂವರೆ.

“ಸರ್, ಮಸ್ಕ್ಯಾಗಿಂದ ಆರೂವರಿಗೆ ನಾ ಹೆಂಗ ಬರ್ಲಿ? ಮನ್ಯಾಗ ಅತ್ತಿ ಹಾಸಿಗಿ ಹಿಡಿದಾರ. ಅವರಿಗೆ ಉಣಿಸಿ, ಎಂಟು ಐವತ್ತರ ಬಸ್ಸಿಗೇ ಹತ್ತಾಕ ಆಗೋದು.”

“ಅದು ಮೀನಿಗೆ ಗೊತ್ತಿಲ್ಲ.”

“ವಾಚ್‌ಮನ್‌ಗೆ ಹೇಳ್ತೀನ್ರೀ, ಅವ ಹಾಕ್ತಾನ.”

“ಬ್ಯಾರೆ ಕೈ ಬ್ಯಾಡ. ಪಗಾರ ತಗೊಳ್ಳೋ ಕೈ ಹಾಕ್ಲಿ. ಆಗಂಗಿಲ್ಲಂದ್ರ ಹೇಳು, ಜೂನಿನಾಗ ಬ್ಯಾರೆದವರನ್ನ ನೋಡ್ತೀನಿ.”

ನನ್ನದು ವರ್ಷಕ್ಕೊಮ್ಮೆ ಜೂನಿನಲ್ಲಿ ಮುಂದುವರಿಸುವ ಕೆಲಸ. ಅವರ ಸಹಿ ಬಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ನಾನು ಡಬ್ಬಿ ಎತ್ತಿಕೊಂಡು ಒಳಗೆ ಹೋದೆ.

ಒಂದು ವಾರ ಮೈ ಮುರಿದು ನೋಡಿದೆ. ಆಗಲಿಲ್ಲ. ಆಮೇಲೆ ಬಸ್ಸು ತರುವ ಹೊತ್ತಿಗೆ, ಅಂದರೆ ಹತ್ತಕ್ಕೆ ಒಮ್ಮೆ, ಹೊರಡುವ ಮೊದಲು ನಾಲ್ಕಕ್ಕೆ ಒಮ್ಮೆ ದಾಣಿ ಹಾಕತೊಡಗಿದೆ. ವಹಿಯಲ್ಲಿ ಮಾತ್ರ ಚೀಟಿಯ ಹೊತ್ತನ್ನೇ ಬರೆದೆ. ಮರೆತರೆ ಫಜೀತಿ ಎಂದು ಚೀಟಿ ಎತ್ತಿದ ಸಂಜೆಯೇ ಮರುದಿನದ ಸಾಲು ತುಂಬಿ ಇಡುತ್ತಿದ್ದೆ. ರಾತ್ರಿ ಮನೆಗೆ ಬಂದು, ದಿನದ ಎಲ್ಲವನ್ನೂ ಬರೆಯುವ ನನ್ನ ಡೈರಿಯಲ್ಲಿ ಇದ್ದದ್ದು ಇದ್ದಂತೆ ಬರೆಯುತ್ತಿದ್ದೆ: ‘ಹತ್ತಕ್ಕೆ ದಾಣಿ. ನಾಲ್ಕಕ್ಕೆ ದಾಣಿ. ಅತ್ತಿಗೆ ಗಂಜಿ. ಹತ್ತರ ಹೊತ್ತಿಗೆ ಬಾವಿ ಮೀನು ಹದಿನೈದರಾಗ ಹದಿಮೂರು ಮೂಲಿಗೆ ಬಂದಿದ್ವು.’ ಡೈರಿಗೆ ಸುಳ್ಳು ಬರೆಯುವುದು ನನಗೆ ಬರುವುದಿಲ್ಲ, ಅಷ್ಟೇ.

ಎರಡು ತಿಂಗಳಾಗುವಷ್ಟರಲ್ಲಿ ಮೀನು ಕಲಿತವು. ಹತ್ತಾಗುವ ಮೊದಲೇ ಕತ್ತಲಲ್ಲಿ ಬಂದು ನಾನು ದಾಣಿ ಹಾಕುವ ಮೂಲೆಯಲ್ಲಿ ಗುಂಪುಗೂಡುತ್ತಿದ್ದವು. ಸರ್ ಅದನ್ನು ನೋಡಿ ಕುಣಿಯುವುದೊಂದು ಬಾಕಿ. “ನೋಡ್ರೆಪಾ! ಬೆಳಕಿಲ್ಲ, ಕೂಳಿನ ಹೊತ್ತು ಗೊತ್ತಿಲ್ಲ, ಆದ್ರೂ ಮೀನು ದಿನಾ ಅದೇ ಹೊತ್ತಿಗೆ ಏಳತೈತಿ. ತಲೆಮಾರುಗಟ್ಲೆ ಕತ್ತಲಾಗಿದ್ರೂ ಗಡಿಯಾರ ಸತ್ತಿಲ್ಲ!” ಸಹೋದ್ಯೋಗಿಗಳಿಗೆಲ್ಲ ಚಹಾ ತರಿಸಿದರು. ನನಗೆ ಹೇಳಲಿಲ್ಲ. ಕಪ್ಪು ತೊಳೆದದ್ದು ನಾನು.

ಆಗಲೇ ಹೇಳಬಹುದಿತ್ತು. ಬಾಯಿಗೆ ಬಂದಿತ್ತು. ಆದರೆ ಕಪ್ಪು ತೊಳೆಯುತ್ತ ನನಗೆ ಒಂದು ಬಗೆಯ ಖುಷಿ ಆಯಿತು. ಪುರಾವೆ ಪುರಾವೆ ಅನ್ನುವವನ ಪುರಾವೆ ನನ್ನ ಮುಷ್ಟಿಯಲ್ಲಿದೆ ಎಂದು. ಎಂದಾದರೂ ದೊಡ್ಡವರ ಮುಂದೆ ಇವರ ಮುಖ ಬಾಡುವುದನ್ನು ನೋಡಬೇಕು ಎಂದು. ಇದನ್ನು ಮುಚ್ಚಿಟ್ಟು ಬರೆದರೆ ಇದೂ ಆ ವಹಿಯಂಥದೇ ಆದೀತು, ಅದಕ್ಕೆ ಬರೆದಿದ್ದೇನೆ.

ಸಂಜೆ ಸಿಂಧನೂರಿನ ಸ್ಟಾಪಿನಲ್ಲಿ ನಾನು ಬಸ್ಸಿಗೆ ಕಾಯುವಾಗ ಅವರು ಲಿಂಗಸುಗೂರಿಗೆ ಮೋಟಾರ್ ಸೈಕಲ್ಲಿನಲ್ಲಿ ಅದೇ ದಾರಿ ಹಿಡಿದು ಹೋಗುವರು. ಮಸ್ಕಿ ದಾಟಿಯೇ ಅವರು ಹೋಗಬೇಕು. ಮಳೆ ಇರಲಿ, ಬಸ್ಸು ತಪ್ಪಿರಲಿ, ಒಮ್ಮೆ ನೋಡಿ, ಎಕ್ಸಿಲೇಟರ್ ತಿರುವುತ್ತಿದ್ದರು. ನಾನೇನು ಅವರ ಹಿಂದೆ ಹತ್ತುತ್ತಿರಲಿಲ್ಲ. ಆದರೂ ಕೇಳುವುದು ಬೇರೆ, ಹತ್ತುವುದು ಬೇರೆ.

ಆ ಮೋಟಾರ್ ಸೈಕಲ್ಲೇ ಒಂದು ದಿನ ನನ್ನ ಸುಳ್ಳು ಹಿಡಿಯಿತು. ಅವತ್ತು ಬಸ್ಸು ಬಂದ್. ಅದು ಗೊತ್ತಿಲ್ಲದೆ ನಾನು ಮಸ್ಕಿ ಸ್ಟ್ಯಾಂಡಿಗೆ ಬಂದು ನಿಂತಿದ್ದೆ. ಕಾಲೇಜಿನಲ್ಲಿ ಬೆಳಿಗ್ಗೆ ಮೀಟಿಂಗ್ ಇತ್ತೆಂದು ಅವರೂ ಅವತ್ತು ಬೇಗ ಹೊರಟಿದ್ದರು. ಒಂಬತ್ತಕ್ಕೆ ನನ್ನೆದುರು ಹಾದು ಹೋದರು. ನಾನು ಕೈ ಎತ್ತಿದೆ, ನೋಡಿಯೂ ನಿಲ್ಲಿಸಲಿಲ್ಲ. ಮೂರು ಆಟೊ ಬದಲಿ ಮಾಡಿ ನಾನು ಲ್ಯಾಬು ಮುಟ್ಟಿದಾಗ ಹನ್ನೆರಡೂವರೆ.

ಬಂದ್ ಎಂದು ಮೀಟಿಂಗ್ ನಡೆದಿರಲಿಲ್ಲ. ಅವರು ಒಳಕೋಣೆಯಲ್ಲಿ, ಕೆಂಪು ಬೆಳಕಿನಲ್ಲಿ, ಬಾವಿ ಮೀನಿನ ತೊಟ್ಟಿಯ ಮುಂದೆ ಸ್ಟೂಲಿನ ಮೇಲೆ ಕೂತಿದ್ದರು. ತೊಡೆಯ ಮೇಲೆ ವಹಿ. ಹಿಂದಿನ ಸಂಜೆ ನಾನು ತುಂಬಿದ್ದ ಸಾಲಿನ ಮೇಲೆ ಅವರ ಬೆರಳು: ‘ಬೆಳಿಗ್ಗೆ 7:40. ದಾಣಿ ಹಾಕಿದೆ.’

“ಇವತ್ತು ಏಳು ನಲವತ್ತಕ್ಕ ದಾಣಿ ಹಾಕೀ?”

ನಾನು ದಾಣಿ ಡಬ್ಬಿಗೆ ಕೈ ಹಾಕಿದೆ.

“ಒಂಬತ್ತಕ್ಕ ಮಸ್ಕ್ಯಾಗ ಕೈ ಎತ್ತಿ ನಿಂತಿದ್ದಿ.”

ಡಬ್ಬಿ ಕೆಳಗಿಟ್ಟೆ.

“ಹತ್ತಕ್ಕ ಮೀನೆಲ್ಲಾ ಈ ಮೂಲಿಗೆ ಬಂದ್ವು,” ಅಂದರು. ಅವರ ದನಿ ಮೆತ್ತಗಿತ್ತು. ಅಷ್ಟು ಮೆತ್ತಗೆ ನಾನು ಎಂದೂ ಕೇಳಿರಲಿಲ್ಲ. “ಯಾರೂ ಬರಲಿಲ್ಲ. ಅರ್ಧಾ ತಾಸು ನಿಂತು ಹೊಳ್ಳಿ ಹೋದ್ವು.”

ಈಗ ವಹಿ ಹರಿದು ಬಿಸಾಕುತ್ತಾರೆ, ನನ್ನನ್ನು ಹೊರಗೆ ಹಾಕುತ್ತಾರೆ ಎಂದು ಕಾದೆ. ಅವರು ಮೂಗಿನಿಂದ ಉಸಿರೆಳೆದು, ಸಹಿ ಪೆನ್ನು ತೆಗೆದು, ಆ ಸಾಲಿನ ಪಕ್ಕದಲ್ಲಿ ದಿನಾ ಮಾಡುವಂತೆ ಸಹಿ ಮಾಡಿದರು. ಸಾವಕಾಶವಾಗಿ, ಪೂರ್ತಿ ಹೆಸರು.

“ಅಕ್ಷರ ದುಂಡಗ ಅದಾವ ನಿನ್ನವು,” ಅಂದರು. “ಹಿಂಗ ನಡೀಲಿ.”

ಹದಿಮೂರು ವರ್ಷದಲ್ಲಿ ಅವರು ನನ್ನನ್ನು ಹೊಗಳಿದ್ದು ಅದೊಂದೇ ಸಲ.

ಆಮೇಲೆ ಪ್ರತಿ ಜೂನಿನಲ್ಲಿ ಕೇಳುವ ಮೊದಲೇ ನನ್ನ ಕೆಲಸಕ್ಕೆ ಸಹಿ ಬಿತ್ತು. ನಾನು ಬಾಯಿ ಬಿಡಲಿಲ್ಲ, ಅವರು ಸಹಿ ಬಿಡಲಿಲ್ಲ. ಇದಕ್ಕೆ ಯಾರೂ ಕರುಣೆ ಅನ್ನಬಾರದು. ವಹಿಯ ನಕಲು, ಜೊತೆಗೆ ಮೀನಿನ ರೆಕ್ಕೆಯ ಚೂರು ದೊಡ್ಡ ಪ್ರಯೋಗಾಲಯಕ್ಕೆ ಹೋದವು. ಬಾವಿ ಮೀನಿನ ಗಡಿಯಾರದ ವಂಶವಾಹಿಗಳು, ಎರಡೆರಡು ಪ್ರತಿಯೂ, ಕೆಡದೆ ಇವೆ ಎಂದು ಅಲ್ಲಿಂದ ಉತ್ತರ ಬಂತು. ಅಷ್ಟು ಮಟ್ಟಿಗೆ ಅದು ನಿಜವೇ. ವಂಶವಾಹಿ ಕೆಡದೆ ಇರುವುದು ಬೇರೆ, ಕೂಳಿನ ಸುಳಿವಿಲ್ಲದೆ ಅದು ತಾನೇ ನಡೆಯುತ್ತದೆ ಎನ್ನುವುದು ಬೇರೆ. ಎರಡನೆಯದಕ್ಕೆ ಇದ್ದ ಪುರಾವೆ ನನ್ನ ಸಾಲುಗಳು ಮಾತ್ರ. ಲೇಖನ ಅಚ್ಚಾಯಿತು. ಕೊನೆಯಲ್ಲಿ ‘ಪ್ರಯೋಗಾಲಯದ ಸಹಾಯಕರಿಗೆ’ ವಂದನೆ ಇತ್ತು, ನನ್ನ ಹೆಸರು ಇರಲಿಲ್ಲ. ಸದ್ಯ ಇಲ್ಲ ಎಂದು ಉಸಿರುಬಿಟ್ಟೆ.

ನನಗೆ ತಡೆಯಲಾಗದ್ದು ಬೇರೆ ಒಂದು. ಸಂತೆಕಲ್ಲೂರಿನ ಒಬ್ಬ ಹುಡುಗಿ, ಆಟೊ ತುಂಬದೆ ಹೊರಡಲಿಲ್ಲ ಎಂದು ತಡವಾಗಿ ಬಂದಳು. ಅವಳನ್ನು ತೊಟ್ಟಿಯ ಪಕ್ಕ ನಿಲ್ಲಿಸಿ, “ಈ ಮೀನಿಗೆ ಸೂರ್ಯ ಇಲ್ಲ, ಯಾರೂ ಹೊತ್ತು ಹೇಳಂಗಿಲ್ಲ, ಆದ್ರೂ ಟೈಮಿಗೆ ಏಳತೈತಿ. ನಿನಗ ಸೂರ್ಯ ಐತಿ, ಮೊಬೈಲ್ ಐತಿ. ನಿನಗಿಂತ ಮೀನ ವಾಸಿ” ಅಂದರು. ಹುಡುಗರು ನಕ್ಕರು. ಎಲ್ಲ ಗೊತ್ತಿದ್ದೂ, ನನ್ನ ಮುಂದೆಯೇ ಅಂದರು. ಅವಳು ಕಣ್ಣೊರೆಸಿಕೊಂಡಳು. ನಾನು ಗಾಜು ಒರೆಸಿದೆ.

ಇವತ್ತಿನ ಸಭೆಯಲ್ಲಿ ಎಲ್ಲರೂ ಒಳ್ಳೆಯದೇ ಆಡಿದರು. ಸತ್ಯನಿಷ್ಠರು ಅಂದರು ಒಬ್ಬರು. ಹೊಸ ಮೇಡಂ ಮುಕ್ಕುಂದದ ಒಕ್ಕಲಿನ ಮನೆಯವರು, ಮೂವತ್ತು ದಾಟಿಲ್ಲ. ವಹಿಯ ಮೇಲೆ ಕೈಯಿಟ್ಟು, “ಸರ್ ಹಾಕಿದ ಪಾಯದ ಮೇಲೆ ನಾನು ಕಟ್ಟುತ್ತೇನೆ” ಅಂದರು. ಆಮೇಲೆ ಪ್ರಿನ್ಸಿಪಾಲರು ನನ್ನ ಕಡೆ ತಿರುಗಿದರು. “ಶಮೀಮಾ, ಹದಿಮೂರು ವರ್ಷ ಜೋಡಿ ಇದ್ದಾಕಿ. ಎರಡು ಮಾತು ಆಡವಾ.”

ಎದ್ದು ನಿಂತೆ. ಹುಡುಕಿದೆ. ಸುಳ್ಳಲ್ಲದ ಒಂದು ಮಾತು ಸಿಕ್ಕಿತು.

“ಸರ್ ಮೀನು ಮುಟ್ಟೋ ಮೊದಲು ಕೈ ತೋಯಿಸ್ಕೊಂತಿದ್ರು. ಒಣ ಕೈ ತಾಗಿದ್ರ ಮೀನಿನ ಮೈಮ್ಯಾಗಿನ ಲೋಳಿ ಹೋಗತೈತಿ, ಅದಕ್ಕ ನೋವಾಗತೈತಿ ಅಂತಿದ್ರು.”

ಕೂತೆ. ಇದು ನಿಜ. ಮೀನಿನ ಮಟ್ಟಿಗೆ ಅವರು ಮನುಷ್ಯರಾಗಿದ್ದರು.

ಸಭೆ ಮುಗಿದ ಮೇಲೆ ಮೇಡಂ ವಹಿ ಎದೆಗವಚಿಕೊಂಡು ಲ್ಯಾಬಿಗೆ ಬಂದರು. ನಾನು ಬಾಗಿಲು ಮುಂದಕ್ಕೆ ಮಾಡಿ, ಡೈರಿ ತೆಗೆದು ಮೇಜಿನ ಮೇಲೆ ಇಟ್ಟೆ. ಬಸ್ಸು ಬಂದ್ ಇದ್ದ ದಿನದ ಪುಟ ಬಿಚ್ಚಿದೆ. ವಹಿಯಲ್ಲೂ ಅದೇ ದಿನ ತೆಗೆಯಿರಿ ಅಂದೆ. ವಹಿಯಲ್ಲಿ, ಏಳು ನಲವತ್ತಕ್ಕೆ ದಾಣಿ ಹಾಕಿದೆ, ಪಕ್ಕದಲ್ಲಿ ಸಹಿ. ಡೈರಿಯಲ್ಲಿ, ‘ಬಸ್ ಬಂದ್. ಹನ್ನೆರಡೂವರೆಗೆ ಲ್ಯಾಬ್. ಅಲ್ಲೀತನ ಮೀನು ಉಪವಾಸ. ಸರ್‌ಗೆ ಗೊತ್ತಾತು. ಸಹಿ ಮಾಡಿದ್ರು.’

ಅವರು ಎರಡನ್ನೂ ಮೂರು ಸಲ ಓದಿದರು. ಮುಖ ಕೆಂಪಾಯಿತು.

“ಇದೊಂದು ದಿನಾನೋ, ಎಲ್ಲಾ ದಿನಾನೋ?”

“ಮೊದಲ ವಾರ ಬಿಟ್ರ ಎಲ್ಲಾ ದಿನಾರೀ. ಹತ್ತಕ್ಕ, ನಾಲ್ಕಕ್ಕ.”

“ಒಂಬತ್ತು ವರ್ಷ ಏನ್ ಮಾಡಾಕತ್ತಿದ್ರಿ ನೀವು? ನಾ ಬಂದು ವರ್ಷಾತು. ದಿನಾ ನನ್ನ ಎದುರಿಗೇ ಗಾಜು ಒರೆಸಾಕತ್ತೀರಿ! ಸೋಮವಾರ ಕಳಿಸಿಬಿಟ್ಟಿದ್ರ ನನ್ನ ಗತಿ?”

“ಅವರ ಮ್ಯಾಲಿನ ಸಿಟ್ಟಿಗೆ ಸುಮ್ಮನಿದ್ದೆ. ಆಮೇಲೆ ಕೆಲಸದ ಭಯಕ್ಕ ಸುಮ್ಮನಿದ್ದೆ.”

“ಅವರ ಮ್ಯಾಲಿನ ಸಿಟ್ಟು ನನ್ನ ಮ್ಯಾಲ್ಯಾಕ ತೀರಿಸಾಕತ್ತಿದ್ರಿ?”

ಹದಿಮೂರು ವರ್ಷ ಸರ್ ಅಂದ ಮಾತೆಲ್ಲ ಸೇರಿದರೂ ಇದರಷ್ಟು ನಾಟಿರಲಿಲ್ಲ, ಯಾಕೆಂದರೆ ಇದು ಸರಿಯಿತ್ತು. ತಲೆ ಕೆಳಗೆ ಹಾಕಿ ನಿಂತೆ.

ಮೇಡಂ ಕುರ್ಚಿ ಎಳೆದುಕೊಂಡು ಡೈರಿಯ ಪುಟ ತಿರುವತೊಡಗಿದರು. ಗಂಜಿ, ನಳದ ನೀರು, ಅತ್ತೆಯ ಮಾತ್ರೆ, ನಡುನಡುವೆ ಮೀನು. ಹತ್ತರ ಮುಂಚೆ ಮೂಲೆಗೆ ಬಂದವೆಷ್ಟು, ಯಾವ ದಿನ ಬರಲಿಲ್ಲ, ರಜೆಯ ಮರುದಿನ ಹೇಗಿದ್ದವು.

“ಇವೆಲ್ಲಾ ಖರೇನಾ?” ಅಂದರು ಕೊನೆಗೆ.

“ಖರೇರೀ.”

“ಪುರಾವೆ?” ಎಂದು ಕೇಳುತ್ತಾರೆಂದು ಕಾದೆ. ಕೇಳಲಿಲ್ಲ. “ಇದನ್ನ ನಾ ಇಟ್ಕೊಂತೀನಿ,” ಅಂದರು. “ಕೂಳಿನ ಹೊತ್ತು ಬಾವಿ ಮೀನು ಹೆಂಗ ಕಲೀತಾವ ಅನ್ನೋದಾದ್ರೂ ಇದ್ರಾಗ ಐತಿ. ವಹಿ ಪ್ರಿನ್ಸಿಪಾಲ್ರ ಮುಂದ ಇಟ್ಟು ಎಲ್ಲಾ ಹೇಳಬೇಕು, ಲೇಖನ ಹಾಕಿದವ್ರಿಗೂ ಬರೀಬೇಕು. ನೀವೂ ಬರಬೇಕು. ಬೈಸ್ಕೋಬೇಕು.”

“ಬರ್ತೀನ್ರೀ.”

“ಕತ್ತಲ ಪ್ರಯೋಗ ಮೊದಲಿಂದ. ನನ್ನ ಒಂದು ವರ್ಷ ಹೋತು.” ಎದ್ದು ಹೋಗಿ ಕಪಾಟಿನ ತಳದಿಂದ ಆ ಬಿಸ್ಕೀಟ್ ಡಬ್ಬಿ ತೆಗೆದರು. ಚೀಟಿಗಳು ಹಳದಿಯಾಗಿದ್ದವು. ಮುಂದೆ ಹಿಡಿದರು. “ತಗೀರಿ, ಇವತ್ತಿಂದ.”

ಎತ್ತಿದೆ. ಸಂಜೆ ಐದು ಇಪ್ಪತ್ತೈದು. ನನ್ನ ಬಸ್ಸು ನಾಲ್ಕೂವರೆಗೆ.

“ಇವತ್ತು ನೀವು ಇರ್ರಿ,” ಅಂದರು ಮೇಡಂ, ನನ್ನ ಮುಖ ನೋಡದೆ. “ಮುಂಜಾನಿ ಚೀಟಿ ಬಂದ ದಿನ ನಾ ಹಾಕ್ತೀನಿ. ಇಲ್ಲೇ ಸಿಂಧನೂರಾಗ ಬಾಡಿಗಿ ಮನಿ ಐತಿ ನಂದು.”

ಇಷ್ಟು ಸಣ್ಣ ಮಾತು. ಒಂಬತ್ತು ವರ್ಷದ ಹಿಂದೆ ಲಿಂಗಸುಗೂರಿನ ಆ ಬಾಯಿಂದ ಇದೊಂದು ಬಂದಿದ್ದರೆ!

ಇಬ್ಬರೂ ಸೇರಿ ಕಿಟಕಿಗೆ ಕಪ್ಪು ಬಟ್ಟೆ ಹೊಡೆದೆವು. ನಾಲ್ಕಾಯಿತು. ಎರಡೂ ತೊಟ್ಟಿಯ ಮೀನು ಮೂಲೆಗೆ ಬಂದು ನನಗಾಗಿ ನಿಂತವು. ನಾನು ಕೈ ಕಟ್ಟಿಕೊಂಡು ಕೂತೆ. ಕೂತಿರುವುದು ಕಷ್ಟವಾಯಿತು. ಐದು ಇಪ್ಪತ್ತೈದಕ್ಕೆ ದಾಣಿ ಹಾಕಿ, ಹಾಕಿದ ಮೇಲೆ ಬರೆದೆ. ಮುಂದಿನ ಬಸ್ಸು ಸಿಕ್ಕಿದ್ದು ಆರು ಹತ್ತಕ್ಕೆ.

ಮನೆಯವರು ಬಾಗಿಲಲ್ಲೇ ಇದ್ದರು. “ಕ್ಯಾ ಜೀ, ಇತ್ತೀ ದೇರ್? ಯಾಕಿಷ್ಟ ತಡಾ? ಆ ಮುದುಕ ಸತ್ತ ಮ್ಯಾಲೂ ನಿನ್ನ ಬಿಡವಲ್ಲ?”

“ಇವತ್ತ ಬಿಟ್ಟಾನ,” ಅಂದೆ.

ಬೆಳಗಿನ ರೊಟ್ಟಿ, ಪುಂಡಿಪಲ್ಯ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ. ಪಲ್ಯಕ್ಕೆ ಬಳ್ಳೊಳ್ಳಿ ಒಗ್ಗರಣೆ ಜಾಸ್ತಿ ಆಗಿತ್ತು, ಅವರು ಅದಕ್ಕೇ ಎರಡು ಸಲ ಹಾಕಿಸಿಕೊಂಡರು. ಮೊದಲು ಮಲಗಿದವರು ಅವರೇ. ನಾನು ಇವತ್ತಿನ ಪುಟ ತುಂಬಿದೆ. ನಾಳೆಯ ಪುಟದಲ್ಲಿ ಇನ್ನೂ ಏನೂ ಬರೆದಿಲ್ಲ.